ಹದಿನೇಳನೇ ಜಾಗದಿಂದ ಗೆದ್ದಿದ್ದು ಬರೀ ಅದೃಷ್ಟನಾ? ಸಾವೊ ಪಾಲೊ ರೇಸ್ ಬಗ್ಗೆ ಓದುಗರ ಪ್ರಶ್ನೆಗಳು

ನವೆಂಬರ್ 3ರಂದು ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕ್‌ನಲ್ಲಿ ನಡೆದ ಫಾರ್ಮುಲಾ ಒನ್ ಕಾರ್ ರೇಸ್, 2024ರ ಸಾವೊ ಪಾಲೊ ಗ್ರ್ಯಾನ್ ಪ್ರಿ ಬಗ್ಗೆನೇ ಈ ಸಲ ಎಲ್ಲರೂ ಕೇಳಿದ್ದೀರಿ, ಹಾಗಾಗಿ ಬೇರೆ ವಿಷಯಕ್ಕೆ ಜಾಗ ಇಲ್ಲ. (ಇದು ಬರೆದಿದ್ದು 2024ರ ನವೆಂಬರ್‌ನಲ್ಲಿ, ಲಾಸ್ ವೇಗಸ್ ರೇಸ್‌ಗೂ ಮೊದಲು; ‘ಈ ವರ್ಷ’ ಅಂದ್ರೆ 2024.) ರೇಸ್ ನೋಡದೇ ಇರೋರಿಗೆ ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ: ಜೋರು ಮಳೆ, ರೆಡ್ ಬುಲ್‌ನ ಮ್ಯಾಕ್ಸ್ ವರ್ಸ್ಟಾಪೆನ್ 17ನೇ ಜಾಗದಿಂದ ಹೊರಟು ಗೆದ್ದ, ಆಲ್ಪೀನ್‌ನ ಎಸ್ಟೆಬಾನ್ ಒಕಾನ್ ಎರಡನೇ, ಅದೇ ಟೀಮ್‌ನ ಪಿಯರ್ ಗ್ಯಾಸ್ಲಿ ಮೂರನೇ, ಪೋಲ್‌ನಲ್ಲಿ, ಅಂದ್ರೆ ಎಲ್ಲರಿಗಿಂತ ಮುಂದೆ, ನಿಂತಿದ್ದ ಮೆಕ್ಲಾರೆನ್‌ನ ಲ್ಯಾಂಡೊ ನೋರಿಸ್ ಆರನೇ. ನಾನು ಮೆಕ್ಲಾರೆನ್ ಕಡೆಯವನು, ಈ ವರ್ಷ ನೋರಿಸ್ ಚಾಂಪಿಯನ್ ಆಗ್ಲಿ ಅಂತ ಮನಸಾರೆ ಬಯಸಿದವನು. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕಂದ್ರೆ ಕೆಳಗಿನ ಮೊದಲ ಉತ್ತರ ಓದಿದೋರು ನನ್ನನ್ನ ರೆಡ್ ಬುಲ್ ಫ್ಯಾನ್ ಅಂದ್ಕೋಬಹುದು.

ಪ್ರಶ್ನೆ: ವರ್ಸ್ಟಾಪೆನ್ ಗೆದ್ದಿದ್ದು ರೆಡ್ ಫ್ಲ್ಯಾಗ್‌ನಿಂದ (ಅಪಾಯ ಅಂತ ರೇಸ್ ನಿಲ್ಲಿಸಿದ್ದರಿಂದ) ತಾನೆ? ಮುಂದಿದ್ದೋರೆಲ್ಲ ಟೈರ್ ಬದಲಾಯಿಸೋಕೆ ಪಿಟ್‌ಗೆ ಹೋದ್ರು, ಇವನು ಹೋಗಲಿಲ್ಲ, ಆಮೇಲೆ ಪುಕ್ಕಟೆ ಟೈರ್ ಸಿಕ್ತು. ಇದಕ್ಕೆ ಯಾಕೆ ಇಷ್ಟೊಂದು ಹೊಗಳಿಕೆ?

ಉತ್ತರ: ರೆಡ್ ಫ್ಲ್ಯಾಗ್ ಅವನಿಗೆ ಸಹಾಯ ಮಾಡ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಲೆಕ್ಕ ಹಾಕಿ ನೋಡಿ. 17ನೇ ಜಾಗದಲ್ಲೇ ಇದ್ದಿದ್ರೆ ಆ ರೆಡ್ ಫ್ಲ್ಯಾಗ್‌ನಿಂದ ಅವನಿಗೆ ಏನು ಸಿಗ್ತಿತ್ತು? ಹೆಚ್ಚಂದ್ರೆ ಒಂದೋ ಎರಡೋ ಪಾಯಿಂಟ್. ಅವನು ಆ ಹೊತ್ತಿಗೆ ಆಗಲೇ ಆರನೇ ಜಾಗಕ್ಕೆ ಬಂದು ಫೆರಾರಿಯ ಲೆಕ್ಲೆರ್ ಬೆನ್ನಿಗೆ ಬಿದ್ದಿದ್ದ, ಅದೂ ರೇಸ್‌ನ ಮೊದಲ ಕಾಲುಭಾಗದೊಳಗೆ, ಮಳೆಯಲ್ಲಿ, ಮುಂದಿನ ಕಾರಿನ ನೀರಿನ ಧೂಳಲ್ಲಿ ಏನೂ ಕಾಣಿಸದೇ ಇರೋ ಹೊತ್ತಲ್ಲಿ, ಇಂಟರ್‌ಲಾಗೋಸ್‌ನ ಮೊದಲನೇ ತಿರುವಿನಲ್ಲಿ ಅಂದ್ರೆ ಆ ಸೆನ್ನಾ ಎಸ್ ಇದೆಯಲ್ಲ ಅಲ್ಲಿ, ಒಬ್ಬೊಬ್ಬರನ್ನೇ ಒಳಗಡೆಯಿಂದ ಹಿಡಿದು ಹಾಕ್ತಾ. ಅವನ ಮುಂದೆ ಉಳಿದಿದ್ದು ಐದೇ ಕಾರು. ಮರ್ಸಿಡಿಸ್‌ನ ರಸ್ಸೆಲ್, ನೋರಿಸ್, ರೆಡ್ ಬುಲ್‌ನ ಇನ್ನೊಂದು ಟೀಮ್ ಆರ್‌ಬಿಯ ತ್ಸುನೋಡ, ಲೆಕ್ಲೆರ್ ನಾಲ್ಕೂ ಜನ ಪಿಟ್‌ಗೆ ಹೋದ್ರು, ಒಕಾನ್ ಒಬ್ಬ ಹೋಗಲಿಲ್ಲ, ಹಾಗಾಗಿ ಇವನು ಎರಡನೇ ಜಾಗಕ್ಕೆ ಬಂದ. ಅದೃಷ್ಟ ಅಂತ ಕರೆಯೋದಾದ್ರೆ ಆ ನಾಲ್ಕು ಜಾಗಕ್ಕೆ ಕರೀರಿ. ಅದಕ್ಕೂ ಮೊದಲಿನ ಹನ್ನೊಂದು ಜಾಗ ಯಾರು ಕೊಟ್ಟಿದ್ದು?

ಇನ್ನು ರೆಡ್ ಫ್ಲ್ಯಾಗ್ ಆದ್ಮೇಲೆ. ಎಲ್ಲರ ಕಾರೂ ಹತ್ತಿರ ಹತ್ತಿರ ಬಂತು, ಎಲ್ಲರಿಗೂ ಟೈರ್ ಬದಲಾಯಿಸೋ ಅವಕಾಶ ಇತ್ತು, ಅಂದ್ರೆ ಆಟ ಹೆಚ್ಚುಕಮ್ಮಿ ಹೊಸದಾಗಿ ಶುರು ಆದಂಗೆ. ಅಲ್ಲಿಂದ 43ನೇ ಲ್ಯಾಪ್‌ನಲ್ಲಿ ಒಕಾನ್‌ನ ದಾಟಿ, 69 ಲ್ಯಾಪ್ ಮುಗಿಯೋ ಹೊತ್ತಿಗೆ 19 ಸೆಕೆಂಡ್‌ಗಿಂತ ಹೆಚ್ಚು ಮುಂದಿದ್ದ. ಇಪ್ಪತ್ತೇಳು ಲ್ಯಾಪ್‌ನಲ್ಲಿ ಹತ್ತೊಂಬತ್ತು ಸೆಕೆಂಡ್! ಫಾಸ್ಟೆಸ್ಟ್ ಲ್ಯಾಪ್ ಪಾಯಿಂಟೂ (ಅತಿ ವೇಗದ ಲ್ಯಾಪ್‌ಗೆ 2024ರಲ್ಲಿ ಸಿಗ್ತಿದ್ದ ಒಂದು ಪಾಯಿಂಟ್) ಅವನದ್ದೇ. ಒದ್ದೆ ಟ್ರ್ಯಾಕ್‌ನಲ್ಲಿ ಮಿಕ್ಕವರು ಕಾರು ಉಳಿಸ್ಕೊಂಡ್ರೆ ಸಾಕು ಅಂತಿದ್ದಾಗ ಇವನು ಲ್ಯಾಪ್ ಮೇಲೆ ಲ್ಯಾಪ್ ಇನ್ನೂ ವೇಗವಾಗಿ ಹೋಗ್ತಿದ್ದ, ಅದನ್ನ ಯಾವ ರೆಡ್ ಫ್ಲ್ಯಾಗೂ ಕೊಡಲ್ಲ.

ನೋರಿಸ್ ಈ ವರ್ಷ ಮಯಾಮಿಯಲ್ಲಿ ತನ್ನ ಮೊದಲ ಗೆಲುವು ಕಂಡಿದ್ದು ಹೇಗೆ ನೆನಪಿದೆಯಾ? ಅವನು ಪಿಟ್ ಮಾಡದೇ ಇದ್ದಾಗ ಸರಿಯಾದ ಹೊತ್ತಿಗೆ ಸೇಫ್ಟಿ ಕಾರ್ (ಅಪಾಯ ಇದ್ದಾಗ ಮುಂದೆ ಹೋಗಿ ಎಲ್ಲರನ್ನೂ ನಿಧಾನ ಮಾಡಿಸೋ ಕಾರು) ಬಂತು, ಲೀಡ್ ಸಿಕ್ತು. ಆವತ್ತು ಅದೃಷ್ಟ ಅಂದವರಿಗೆ ಮೆಕ್ಲಾರೆನ್ ಫ್ಯಾನ್‌ಗಳು ಏನಂದ್ರು? ಲೀಡ್ ಸಿಕ್ಕಿದ್ದು ಅದೃಷ್ಟ ಇರ್ಬೋದು, ಆಮೇಲೆ ವರ್ಸ್ಟಾಪೆನ್‌ನ ಏಳು ಸೆಕೆಂಡ್‌ಗಿಂತ ಹೆಚ್ಚು ಹಿಂದೆ ಬಿಟ್ಟಿದ್ದು ವೇಗ ಅಂತ. ಆ ಮಾತು ಸರಿಯಾಗೇ ಇತ್ತು. ಮೇ ತಿಂಗಳಲ್ಲಿ ನಮ್ಮವನಿಗೆ ಹಾಕಿದ ಅಳತೆಗೋಲನ್ನೇ ನವೆಂಬರ್‌ನಲ್ಲಿ ಅವನಿಗೂ ಹಾಕ್ಬೇಕು, ಅಷ್ಟೇ ನಾನು ಹೇಳೋದು.

ಪ್ರಶ್ನೆ: ಇಷ್ಟು ಹಿಂದಿನಿಂದ ಬಂದು ಗೆದ್ದಿರೋದು ಫಾರ್ಮುಲಾ ಒನ್‌ನಲ್ಲಿ ಇದೇ ಮೊದಲಾ?

ಉತ್ತರ: ಅಲ್ಲ. 1983ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಜಾನ್ ವಾಟ್ಸನ್ 22ನೇ ಜಾಗದಿಂದ ಬಂದು ಗೆದ್ದಿದ್ದ, ಅದು ಇವತ್ತಿಗೂ ದಾಖಲೆ, ಅದೂ ಮೆಕ್ಲಾರೆನ್ ಕಾರಲ್ಲಿ ಅನ್ನೋದು ನನಗೆ ಹೆಮ್ಮೆ. 2000ದಲ್ಲಿ ಹಾಕನ್‌ಹೈಮ್‌ನಲ್ಲಿ ರೂಬೆನ್ಸ್ ಬ್ಯಾರಿಕೆಲ್ಲೊ 18ನೇ ಜಾಗದಿಂದ, 2005ರಲ್ಲಿ ಸುಜುಕಾದಲ್ಲಿ ಕಿಮಿ ರೈಕೊನೆನ್ 17ನೇ ಜಾಗದಿಂದ, ಆ ರೈಕೊನೆನ್ ಕೊನೇ ಲ್ಯಾಪ್‌ನಲ್ಲಿ ಫಿಸಿಕೆಲ್ಲಾನ ದಾಟಿದ್ದನ್ನ ನೋಡಿದೋರು ಜನ್ಮದಲ್ಲಿ ಮರೆಯಲ್ಲ. ವರ್ಸ್ಟಾಪೆನ್ ಸ್ವತಃ ಇದಕ್ಕೂ ಮೊದಲು ಅತಿ ಹಿಂದಿನಿಂದ ಗೆದ್ದಿದ್ದು 2022ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, 14ನೇ ಜಾಗದಿಂದ. ಆದ್ರೆ ಆ ಸ್ಪಾ ಕಾರು ಮಿಕ್ಕೆಲ್ಲ ಕಾರಿಗಿಂತ ತುಂಬಾ ಮೇಲಿತ್ತು, ಈ ವರ್ಷದ ರೆಡ್ ಬುಲ್ ಹಾಗಿಲ್ಲ. ಜೂನ್‌ನಲ್ಲಿ ಸ್ಪೇನ್ ಗೆದ್ದ ಮೇಲೆ ಹತ್ತು ರೇಸ್ ಅವನಿಗೆ ಗೆಲುವೇ ಇರಲಿಲ್ಲ. ಅದಕ್ಕೇ ನನ್ನ ಪ್ರಕಾರ ಇದು ಅವನ ಅತ್ಯುತ್ತಮ ಗೆಲುವು. 2016ರಲ್ಲಿ ಇದೇ ಇಂಟರ್‌ಲಾಗೋಸ್ ಮಳೆಯಲ್ಲಿ ಹತ್ತೊಂಬತ್ತರ ಹುಡುಗ ಕೊನೆಯ ಲ್ಯಾಪ್‌ಗಳಲ್ಲಿ ಹಿಂದಿನಿಂದ ಮೂರನೇ ಜಾಗಕ್ಕೆ ಬಂದಿದ್ದನಲ್ಲ, ಆವತ್ತು ಬೇರೆಯವರು ಯಾರೂ ಹೋಗದ ಲೈನ್‌ನಲ್ಲಿ ಹೋಗಿ ಗ್ರಿಪ್ ಹುಡುಕಿದ್ದ, ಈ ಸಲವೂ ಅದೇ ಕೈಚಳಕ.

ಪ್ರಶ್ನೆ: ರೆಡ್ ಫ್ಲ್ಯಾಗ್ ಇದ್ದಾಗ ಟೈರ್ ಬದಲಾಯಿಸೋಕೆ ಬಿಡೋದು ಅನ್ಯಾಯ ಅಲ್ವಾ? ಈ ರೂಲ್ ತೆಗೆದುಹಾಕ್ಬೇಕು.

ಉತ್ತರ: ಅನ್ಯಾಯ ಅನ್ಸುತ್ತೆ, ನನಗೂ ಅವತ್ತು ಟಿವಿ ಮುಂದೆ ಹೊಟ್ಟೆ ಉರೀತು. ಹಾಸ್ ಟೀಮ್‌ನ ಹುಲ್ಕೆನ್‌ಬರ್ಗ್ ಕಾರು ಮೊದಲನೇ ತಿರುವಲ್ಲಿ ಸಿಕ್ಕಿಹಾಕ್ಕೊಂಡಾಗ ವರ್ಚುವಲ್ ಸೇಫ್ಟಿ ಕಾರ್ (ನಿಜವಾದ ಕಾರು ಬರದೇ ಎಲ್ಲರೂ ನಿಧಾನ ಹೋಗಿ ಅನ್ನೋ ಸೂಚನೆ) ಬಂತು, ಅದು ಮುಗಿಯೋ ಹೊತ್ತಿಗೆ ನೋರಿಸ್, ರಸ್ಸೆಲ್ ಇಬ್ರೂ ಪಿಟ್‌ಗೆ ಬಂದ್ರು, ಸ್ವಲ್ಪ ಹೊತ್ತಿಗೆ ಮಳೆ ಜೋರಾಗಿ ಸೇಫ್ಟಿ ಕಾರ್ ಬಂತು, ಆ ಸೇಫ್ಟಿ ಕಾರ್ ಹಿಂದೆ ಹೋಗ್ತಿದ್ದಾಗಲೇ ವಿಲಿಯಮ್ಸ್‌ನ ಕೊಲಪಿಂಟೊ ಗೋಡೆಗೆ ಗುದ್ದಿದ, ರೆಡ್ ಫ್ಲ್ಯಾಗ್. ಟೈರ್‌ಗೋಸ್ಕರ ಸಮಯ ಕಳ್ಕೊಂಡವರು ಕಳ್ಕೊಂಡ್ರು, ಕಾದವರಿಗೆ ಸಮಯ ಉಳೀತು.

ಆದ್ರೆ ರೂಲ್ ತೆಗೆದ್ರೆ ಏನಾಗುತ್ತೆ ಅಂತಾನೂ ಯೋಚಿಸ್ಬೇಕು. ಅಪಘಾತ ಆದಾಗ ಟ್ರ್ಯಾಕ್ ಮೇಲೆ ಕಾರ್ಬನ್ ಫೈಬರ್ ಚೂರು ಬಿದ್ದಿರುತ್ತೆ, ಅದರ ಮೇಲೆ ಹಾದು ಬಂದ ಟೈರಲ್ಲಿ ಸಣ್ಣ ಗಾಯ ಇರ್ಬೋದು, ಆ ಟೈರಲ್ಲೇ 300 ಕಿಲೋಮೀಟರ್ ವೇಗದಲ್ಲಿ ಹೋಗು ಅಂತ ಡ್ರೈವರ್‌ಗೆ ಹೇಳೋಕಾಗಲ್ಲ. ಮಳೆಯಲ್ಲಂತೂ ನಿಂತಾಗ ಇದ್ದ ನೀರು ಬೇರೆ, ಮತ್ತೆ ಹೊರಡುವಾಗ ಇರೋ ನೀರು ಬೇರೆ. 2011ರಲ್ಲಿ ಮೊನಾಕೊದಲ್ಲಿ ವೆಟಲ್ ಹಳೇ ಟೈರಲ್ಲಿ ಅಲೊನ್ಸೊ, ಬಟನ್ ಇಬ್ಬರನ್ನೂ ತಡೀತಾ ಇದ್ದಾಗ ರೆಡ್ ಫ್ಲ್ಯಾಗ್ ಬಂದು ಹೊಸ ಟೈರ್ ಸಿಕ್ತು, ಆವತ್ತಿನಿಂದ ಈ ಜಗಳ ನಡೀತಾನೇ ಇದೆ. ಹಾನಿ ಆಗಿರೋ ಟೈರ್ ಮಾತ್ರ ಬದಲಾಯಿಸಬಹುದು ಅಂತ ಮಾಡಿದ್ರೆ ಪ್ರತಿಯೊಂದು ಟೀಮೂ ಪ್ರತಿಯೊಂದು ಟೈರಲ್ಲೂ ಹಾನಿ ಕಂಡುಹಿಡಿಯುತ್ತೆ. ನನಗೆ ರೂಲ್ ಇರ್ಲಿ ಅನ್ಸುತ್ತೆ.

ನಿಜವಾಗ್ಲೂ ಸಿಟ್ಟು ಬರಬೇಕಾಗಿರೋದು ಜೋರು ಮಳೆಗೆ ಅಂತಾನೇ ಮಾಡಿರೋ ಫುಲ್ ವೆಟ್ ಟೈರ್ ಬಗ್ಗೆ. ನೀಲಿ ಪಟ್ಟಿ ಇರೋ ಆ ಟೈರು ಪೂರ್ತಿ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಹೊರಗೆ ಹಾಕುತ್ತೆ, ಕಮ್ಮಿ ಒದ್ದೆಗೆ ಇರೋ ಹಸಿರು ಪಟ್ಟಿಯ ಇಂಟರ್ಮೀಡಿಯೇಟ್ ಹಾಕೋದು 30 ಲೀಟರ್. ಅಷ್ಟೆಲ್ಲ ಇದ್ದೂ ಫುಲ್ ವೆಟ್ ಬೇಕಾಗೋಷ್ಟು ಮಳೆ ಬಂದಾಗ ಹಿಂದಿನವರಿಗೆ ಏನೂ ಕಾಣಲ್ಲ ಅಂತ ರೇಸೇ ನಿಲ್ಲಿಸ್ತಾರೆ. ತ್ಸುನೋಡ ಧೈರ್ಯ ಮಾಡಿ ಫುಲ್ ವೆಟ್ ಹಾಕ್ಕೊಂಡ, ಸರಿಯಾದ ಟೈರೇ ಹಾಕಿದ್ದ, ರೆಡ್ ಫ್ಲ್ಯಾಗ್ ಬಂದು ಅವನಿಗೆ ಸಿಗಬೇಕಾಗಿದ್ದ ಲಾಭ ಪೂರಾ ಹೋಯ್ತು. ಯಾರಿಗಾದ್ರೂ ಅನ್ಯಾಯ ಆಗಿದೆ ಅಂದ್ರೆ ನೋರಿಸ್‌ಗಿಂತ ಮೊದಲು ಆ ಹುಡುಗನಿಗೆ.

ಪ್ರಶ್ನೆ: ನೋರಿಸ್‌ಗೆ ಚಾಂಪಿಯನ್ ಆಗೋ ಗುಂಡಿಗೆ ಇಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ನೀವು ಏನಂತೀರಾ?

ಉತ್ತರ: ಗುಂಡಿಗೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಭಾನುವಾರ ಬೆಳಿಗ್ಗೆ ಅದೇ ಮಳೆಯಲ್ಲಿ ಪೋಲ್ ತಗೊಂಡವನು ಅವನೇ, ಹಿಂದಿನ ದಿನ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್ ಗೆದ್ದವನೂ ಅವನೇ (ಅಲ್ಲಿ ಅದೇ ಟೀಮ್‌ನ ಪಿಯಾಸ್ಟ್ರಿ ಮುಂದೆ ಇದ್ದು ಜಾಗ ಬಿಟ್ಟುಕೊಟ್ಟ ಅನ್ನೋದು ನಿಜ, ಆ ಹುಡುಗನ ದೊಡ್ಡ ಮನಸ್ಸಿಗೆ ಒಂದು ಸಲಾಮ್). ತೊಂದರೆ ಇರೋದು ಎರಡು ಜಾಗದಲ್ಲಿ.

ಒಂದು, ಸ್ಟಾರ್ಟ್. ಸ್ಪೇನ್, ಹಂಗರಿ, ನೆದರ್ಲೆಂಡ್ಸ್, ಇಟಲಿ, ಆಸ್ಟಿನ್, ಎಲ್ಲಾ ಕಡೆ ಪೋಲ್‌ನಿಂದ ಹೊರಟು ಮೊದಲ ಲ್ಯಾಪ್ ಮುಗಿಯೋದ್ರೊಳಗೆ ಲೀಡ್ ಕಳ್ಕೊಂಡ, ಇಲ್ಲೂ ರಸ್ಸೆಲ್ ಮುಂದೆ ಹೋದ. ನೆದರ್ಲೆಂಡ್ಸ್‌ನಲ್ಲಿ ಕಾರು ಎಷ್ಟು ಚೆನ್ನಾಗಿತ್ತು ಅಂದ್ರೆ ಮತ್ತೆ ದಾಟಿ ಇಪ್ಪತ್ತೆರಡು ಸೆಕೆಂಡ್‌ಗಿಂತ ಹೆಚ್ಚು ಅಂತರದಲ್ಲಿ ಗೆದ್ದ, ಆದ್ರೆ ಎಲ್ಲಾ ಭಾನುವಾರವೂ ಹಾಗಿರಲ್ಲ, ಅದ್ರಲ್ಲೂ ಮಳೆಯಲ್ಲಿ ಮುಂದೆ ಇರೋದಕ್ಕೆ ಬೆಲೆ ಕಟ್ಟೋಕಾಗಲ್ಲ ಯಾಕಂದ್ರೆ ಮುಂದಿರೋ ಒಬ್ಬನಿಗೆ ಮಾತ್ರ ರಸ್ತೆ ಕಾಣ್ಸುತ್ತೆ.

ಎರಡು, ರೀಸ್ಟಾರ್ಟ್‌ನಲ್ಲಿ ಆದ ತಪ್ಪು. ಫೆರಾರಿಯ ಡ್ರೈವರ್ ಸೈನ್ಸ್ ಗುದ್ದಿ ಸೇಫ್ಟಿ ಕಾರ್ ಬಂದು ಹೋದ್ಮೇಲೆ ಮೊದಲನೇ ತಿರುವಲ್ಲಿ ಬ್ರೇಕ್ ಹಿಡಿಯೋಕಾಗದೆ ಅಗಲಕ್ಕೆ ಹೋದ, ರಸ್ಸೆಲ್, ಲೆಕ್ಲೆರ್ ಇಬ್ರೂ ಮುಂದೆ ಹೋಗ್ಬಿಟ್ರು. ಅದೇ ತಿರುವಲ್ಲಿ, ಅದೇ ಲ್ಯಾಪ್‌ನಲ್ಲಿ ವರ್ಸ್ಟಾಪೆನ್ ಒಕಾನ್‌ನ ದಾಟಿದ್ದು. ಈ ವರ್ಷದ ಚಾಂಪಿಯನ್‌ಶಿಪ್ ಎಲ್ಲಿ ಕೈ ತಪ್ಪಿತು ಅಂತ ಯಾರಾದ್ರೂ ಕೇಳಿದ್ರೆ ಆ ಹತ್ತು ಸೆಕೆಂಡಿನ ವಿಡಿಯೋ ತೋರಿಸಿದ್ರೆ ಸಾಕು, ನನಗೆ ಅದನ್ನ ಎರಡನೇ ಸಲ ನೋಡೋಕೆ ಮನಸ್ಸಾಗ್ತಿಲ್ಲ.

ರೇಸ್ ಆದ್ಮೇಲೆ ನೋರಿಸ್ ಅದೃಷ್ಟದ ಮಾತು ಎತ್ತಿದ್ದು ನನಗೆ ಹಿಡಿಸಲಿಲ್ಲ. ಸೋತ ಬಿಸಿಯಲ್ಲಿ ಮೈಕ್ ಮುಂದೆ ಹಿಡಿದ್ರೆ ಯಾರಾದ್ರೂ ಏನಾದ್ರೂ ಅಂತಾರೆ, ಒಪ್ತೀನಿ, ಆದ್ರೆ ಹಿಂದಿನವನು ನಿನ್ನನ್ನ ಅಷ್ಟು ದೂರ ಬಿಟ್ಟು ಹೋದಾಗ ಚೆನ್ನಾಗಿ ಓಡಿಸಿದ ಅಂತ ಮೊದಲು ಹೇಳಿ ಆಮೇಲೆ ಉಳಿದಿದ್ದು ಹೇಳಬಹುದಿತ್ತು.

ಪ್ರಶ್ನೆ: ಅಬಾರ್ಟೆಡ್ ಸ್ಟಾರ್ಟ್‌ನಲ್ಲಿ ನೋರಿಸ್ ತಪ್ಪು ಮಾಡಿದ್ರೂ ಯಾಕೆ ಪೆನಾಲ್ಟಿ ಕೊಡಲಿಲ್ಲ?

ಉತ್ತರ: ರಿಪ್ರಿಮಾಂಡ್ (ಎಚ್ಚರಿಕೆ) ಕೊಟ್ರು, ದಂಡ ಹಾಕಿದ್ರು, ಸಮಯದ ಪೆನಾಲ್ಟಿ ಕೊಡಲಿಲ್ಲ. ಸ್ಟಾರ್ಟ್ ರದ್ದಾದಾಗ ಗ್ರಿಡ್‌ನಲ್ಲೇ (ಹೊರಡೋಕೆ ಕಾರುಗಳು ಸಾಲಾಗಿ ನಿಲ್ಲೋ ಜಾಗ) ನಿಲ್ಲಬೇಕಿತ್ತು, ನೋರಿಸ್ ಹೊರಟ, ಅವನ ಹಿಂದೆ ರಸ್ಸೆಲ್ಲೂ ಬೇರೆಯವರೂ ಹೊರಟ್ರು. ಅದರಿಂದ ಯಾರಿಗೂ ಲಾಭ ಆಗಲಿಲ್ಲ. ನನಗೆ ಆ ತೀರ್ಪು ಸರಿ ಅನ್ನಿಸ್ತು, ವರ್ಸ್ಟಾಪೆನ್ ಹಾಗೆ ಮಾಡಿದ್ರೂ ಸರಿ ಅಂತಾನೇ ಅನ್ನಿಸ್ತಿತ್ತು.

ಪ್ರಶ್ನೆ: ಕ್ವಾಲಿಫೈಯಿಂಗ್‌ನಲ್ಲಿ ವರ್ಸ್ಟಾಪೆನ್‌ಗೆ ಮೋಸ ಆಯ್ತು ಅಂತ ನನ್ನ ಅಣ್ಣ ಹೇಳ್ತಾನೆ, ಮೋಸ ಏನು ಬಂತು?

ಉತ್ತರ: ರೇಸಲ್ಲಿ ಯಾರು ಯಾವ ಜಾಗದಿಂದ ಹೊರಡ್ಬೇಕು ಅಂತ ತೀರ್ಮಾನಿಸೋ ಕ್ವಾಲಿಫೈಯಿಂಗ್ ಶನಿವಾರ ಮಳೆಯಿಂದ ನಡೀಲೇ ಇಲ್ಲ, ಭಾನುವಾರ ಬೆಳಿಗ್ಗೆ ಇಟ್ಟರು. ಎರಡನೇ ಸುತ್ತಿನ ಕೊನೆಯಲ್ಲಿ ಆಸ್ಟನ್ ಮಾರ್ಟಿನ್‌ನ ಸ್ಟ್ರೋಲ್ ಗುದ್ದಿದ, ರೆಡ್ ಫ್ಲ್ಯಾಗ್ ತಕ್ಷಣ ಬರಲಿಲ್ಲ, ಬರೋ ಹೊತ್ತಿಗೆ ಸಮಯ ಮುಗಿದುಹೋಗಿತ್ತು, ವರ್ಸ್ಟಾಪೆನ್‌ಗೆ ಇನ್ನೊಂದು ಲ್ಯಾಪ್ ಹೊಡೆಯೋ ಅವಕಾಶ ತಪ್ಪಿ 12ನೇ ಜಾಗದಲ್ಲಿ ಉಳಿದ. ಅವನ ಸಿಟ್ಟಲ್ಲಿ ನ್ಯಾಯ ಇದೆ. ಕಾರು ಗೋಡೆಗೆ ಗುದ್ದಿ ನಿಂತಿರುವಾಗ ಮಿಕ್ಕ ಕಾರುಗಳು ಅದೇ ವೇಗದಲ್ಲಿ ಬರ್ತಿರ್ತವೆ, ರೆಡ್ ಫ್ಲ್ಯಾಗ್ ತಡ ಆಗೋದು ಜೀವಕ್ಕೆ ಸಂಬಂಧಪಟ್ಟ ವಿಷಯ. ಆದ್ರೆ ಮೋಸ ಅಂತ ನಾನು ಅನ್ನಲ್ಲ, ಬೇಕಂತ ಯಾರೂ ಮಾಡಿದ್ದಲ್ಲ. ಆ 12ರ ಮೇಲೆ ಮಿತಿ ಮೀರಿ ಹೊಸ ಎಂಜಿನ್ ಹಾಕಿದ್ದಕ್ಕೆ ಐದು ಜಾಗದ ಪೆನಾಲ್ಟಿ ಸೇರಿ 17 ಆಯ್ತು. ಆ ಐದು ರೆಡ್ ಬುಲ್ ತಾನೇ ಲೆಕ್ಕ ಹಾಕಿ ತಗೊಂಡಿದ್ದು. ಒಂದೇ ಕ್ವಾಲಿಫೈಯಿಂಗ್‌ನಲ್ಲಿ ಐದು ರೆಡ್ ಫ್ಲ್ಯಾಗ್ ಬಂದಿದ್ದು, ಆಲ್ಬನ್ ಕಾರು ರಿಪೇರಿನೇ ಆಗದೆ ರೇಸ್ ತಪ್ಪಿಸ್ಕೊಂಡಿದ್ದು, ಇದೆಲ್ಲ ನೋಡಿದ್ರೆ ಮೆಕ್ಯಾನಿಕ್‌ಗಳಿಗೆ ಅವತ್ತು ಊಟಕ್ಕೆ ಪುರುಸೊತ್ತು ಇತ್ತೋ ಇಲ್ವೋ ಪಾಪ.

ಪ್ರಶ್ನೆ: ಆಲ್ಪೀನ್ ಬಗ್ಗೆ ಯಾರೂ ಮಾತಾಡ್ತಿಲ್ಲ! ದಯವಿಟ್ಟು ನೀವಾದ್ರೂ ಬರೀರಿ.

ಉತ್ತರ: ಖುಷಿಯಿಂದ ಬರೀತೀನಿ. ನನಗೆ ಆ ಭಾನುವಾರ ಮನಸ್ಸಿಗೆ ಸಮಾಧಾನ ಕೊಟ್ಟಿದ್ದು ಇದೊಂದೇ. ಈ ವರ್ಷ ಬಹ್ರೇನ್‌ನ ಮೊದಲ ರೇಸ್‌ನಲ್ಲಿ ಆಲ್ಪೀನ್‌ನ ಎರಡೂ ಕಾರು ಗ್ರಿಡ್‌ನ ಕೊನೇ ಸಾಲಲ್ಲಿ ನಿಂತಿದ್ದವು, ಕಟ್ಟಕಡೆ. ಕಾರು ತೂಕ ಜಾಸ್ತಿ, ರೆನೋ ಎಂಜಿನ್‌ಗೆ ಬೇರೆಯವರಷ್ಟು ಶಕ್ತಿ ಇಲ್ಲ, ಮೇಲಿನ ಅಧಿಕಾರಿಗಳು ಬದಲಾಗ್ತಾನೇ ಇದ್ರು, ಸೆಪ್ಟೆಂಬರ್ ಕೊನೆಯಲ್ಲಿ ರೆನೋ 2025ರ ನಂತರ ಎಫ್ ಒನ್ ಎಂಜಿನ್ ಮಾಡೋದನ್ನೇ ನಿಲ್ಲಿಸ್ತೀವಿ ಅಂತ ಘೋಷಿಸಿಬಿಡ್ತು. ಇಪ್ಪತ್ತು ವೀಕೆಂಡ್‌ನಲ್ಲಿ ಎರಡು ಕಾರು ಸೇರಿ ತಂದಿದ್ದು 14 ಪಾಯಿಂಟ್, ಬ್ರೆಜಿಲ್ ಸ್ಪ್ರಿಂಟ್‌ನಲ್ಲಿ ಇನ್ನೆರಡು. ಇಲ್ಲಿ ಒಂದೇ ಮಧ್ಯಾಹ್ನ 33. ಒಂಬತ್ತನೇ ಜಾಗದಿಂದ 49 ಪಾಯಿಂಟ್‌ನೊಂದಿಗೆ ಆರನೇ ಜಾಗಕ್ಕೆ ಹಾರಿದ್ರು, ಹಾಸ್ 46, ಆರ್‌ಬಿ 44. ಒಂದೊಂದು ಸ್ಥಾನಕ್ಕೂ ಬಹುಮಾನದ ಹಣ ಮಿಲಿಯನ್‌ಗಟ್ಟಲೆ ಡಾಲರ್ ವ್ಯತ್ಯಾಸ ಆಗುತ್ತೆ, ಹಾಗಾಗಿ ಈ ಎರಡು ಟ್ರೋಫಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ನೂರಾರು ಜನಕ್ಕೆ ಮುಟ್ಟುತ್ತೆ.

ಒಕಾನ್ ಬಗ್ಗೆ ಬೇರೆಯಾಗೇ ಹೇಳ್ಬೇಕು. ಮುಂದಿನ ವರ್ಷ ಅವನು ಈ ಟೀಮಲ್ಲಿ ಇರಲ್ಲ, ಹಾಸ್‌ಗೆ ಹೋಗ್ತಿದ್ದಾನೆ. ಹೊರಡೋ ಡ್ರೈವರ್‌ಗೆ ಟೀಮ್‌ನಲ್ಲಿ ಏನು ಮರ್ಯಾದೆ ಇರುತ್ತೆ ಅಂತ ಗೊತ್ತಲ್ಲ. ಆದ್ರೂ ಕ್ವಾಲಿಫೈಯಿಂಗ್‌ನಲ್ಲಿ ನಾಲ್ಕನೇ ಜಾಗ, ಮಳೆ ಜೋರಾದಾಗ ಪಿಟ್‌ಗೆ ಬರದೆ ತಾಳ್ಮೆಯಿಂದ ಇದ್ದು ಲೀಡ್ ತಗೊಂಡ, ರೆಡ್ ಫ್ಲ್ಯಾಗ್ ನಂತರದ ಸ್ಟಾರ್ಟ್‌ನಲ್ಲಿ ಹಿಂದೆ ವರ್ಸ್ಟಾಪೆನ್ ಇದ್ರೂ ಹೆದರದೆ ಕಾಪಾಡಿಕೊಂಡ. ಎರಡನೇ ರೀಸ್ಟಾರ್ಟ್‌ನಲ್ಲಿ ದಾಟಿಹೋದಾಗಲೂ ತಲೆ ಕೆಡಿಸ್ಕೊಂಡು ತಪ್ಪು ಮಾಡಲಿಲ್ಲ. 2021ರಲ್ಲಿ ಹಂಗರಿ ಗೆದ್ದಾಗಲೂ ಇದೇ ಗುಣ, ಆವತ್ತು ಹಿಂದೆ ವೆಟಲ್ ರೇಸ್ ಪೂರ್ತಿ ಅಂಟಿಕೊಂಡಿದ್ರೂ ಒಂದು ಸಲವೂ ಜಾರಲಿಲ್ಲ. ಗ್ಯಾಸ್ಲಿ 13ನೇ ಜಾಗದಿಂದ ಬಂದು ಮೂರನೇ ಆಗಿದ್ದು, ಕೊನೇವರೆಗೂ ರಸ್ಸೆಲ್‌ನ ಮರ್ಸಿಡಿಸ್‌ನ ಹಿಂದೆ ಇಟ್ಟಿದ್ದು ಇನ್ನೊಂದು ಸಾಹಸ, 17ರಿಂದ ಗೆದ್ದವನ ಗಲಾಟೆಯಲ್ಲಿ 13ರಿಂದ ಬಂದವನನ್ನ ಮರೀಬೇಡಿ.

ಇಬ್ಬರೂ ಫ್ರಾನ್ಸ್‌ನ ನಾರ್ಮಂಡಿಯವರು, ಚಿಕ್ಕಂದಿನಲ್ಲಿ ಕಾರ್ಟಿಂಗ್‌ನಲ್ಲಿ ಒಟ್ಟಿಗೆ ಬೆಳೆದವರು, ಆಮೇಲೆ ಮಾತು ಬಿಟ್ಟವರು. ಅವತ್ತು ಪೋಡಿಯಂ ಮೇಲೆ ಒಟ್ಟಿಗೆ ನಿಂತು ನಗೋದನ್ನ ನೋಡಿ ನನಗೆ ಕಣ್ಣು ತುಂಬಿ ಬಂತು.

ಪ್ರಶ್ನೆ: ಹುಲ್ಕೆನ್‌ಬರ್ಗ್‌ಗೆ ಬ್ಲ್ಯಾಕ್ ಫ್ಲ್ಯಾಗ್ ಯಾಕೆ? ಅವನು ಯಾರಿಗೂ ಗುದ್ದಲಿಲ್ಲವಲ್ಲ.

ಉತ್ತರ: ಗುದ್ದಿದ್ದಕ್ಕಲ್ಲ. ಕಾರು ಜಾರಿ ನಿಂತಾಗ ಟ್ರ್ಯಾಕ್ ಸಿಬ್ಬಂದಿ, ಅಂದ್ರೆ ಮಾರ್ಷಲ್‌ಗಳು, ತಳ್ಳಿ ಹೊರಡಿಸಿದ್ರು, ಹೊರಗಿನವರ ಸಹಾಯದಿಂದ ಮತ್ತೆ ರೇಸ್‌ಗೆ ಸೇರೋ ಹಾಗಿಲ್ಲ ಅನ್ನೋದು ನಿಯಮ. ಬ್ಲ್ಯಾಕ್ ಫ್ಲ್ಯಾಗ್ ತೋರಿಸಿ ಡ್ರೈವರ್‌ನ ಹೊರಗೆ ಹಾಕಿದ್ದು 2007ರ ಕೆನಡಾ ರೇಸ್ ಆದ್ಮೇಲೆ ಇದೇ ಮೊದಲು, ಆವತ್ತು ಮಾಸಾ, ಫಿಸಿಕೆಲ್ಲಾ ಇಬ್ರೂ ಪಿಟ್ ಲೇನ್ ಕೊನೆಯಲ್ಲಿ ಕೆಂಪು ದೀಪ ಇದ್ರೂ ಹೊರಟಿದ್ರು. ನಿಯಮ ಸರಿ, ಆದ್ರೆ ಆ ಕಾರು ನಿಂತಿದ್ದಕ್ಕೆ ಬಂದ ವರ್ಚುವಲ್ ಸೇಫ್ಟಿ ಕಾರೇ ಇಡೀ ರೇಸ್‌ನ ತಲೆಕೆಳಗು ಮಾಡಿದ್ದು ನೋಡಿ.

ಪ್ರಶ್ನೆ: ಸ್ಟ್ರೋಲ್ ಫಾರ್ಮೇಶನ್ ಲ್ಯಾಪ್‌ನಲ್ಲೇ (ರೇಸ್ ಶುರುವಿಗೂ ಮುಂಚಿನ ಸುತ್ತು) ಹೊರಗೆ ಹೋದ. ಇಂಥವರಿಗೆ ಸೀಟು ಯಾಕೆ ಕೊಡ್ತಾರೆ?

ಉತ್ತರ: ಅವನ ಅಪ್ಪನ ಟೀಮು, ಅದು ಎಲ್ಲರಿಗೂ ಗೊತ್ತಿರೋದೇ. ಫಾರ್ಮೇಶನ್ ಲ್ಯಾಪ್‌ನಲ್ಲಿ ಸ್ಪಿನ್ ಆಗೋದು ಒದ್ದೆ ಟ್ರ್ಯಾಕಲ್ಲಿ ಯಾರಿಗಾದ್ರೂ ಆಗಬಹುದು, ಆಮೇಲೆ ಕಾರನ್ನ ನೇರ ಗ್ರಾವೆಲ್‌ಗೆ ನುಗ್ಗಿಸಿ ಹೂತುಹಾಕಿದ್ದು ಮಾತ್ರ ಸಮರ್ಥಿಸೋಕೆ ಆಗಲ್ಲ. ಆದ್ರೆ 2017ರಲ್ಲಿ ಮೋನ್ಸಾದ ಮಳೆ ಕ್ವಾಲಿಫೈಯಿಂಗ್ ಆದ್ಮೇಲೆ ಮೊದಲ ಸಾಲಲ್ಲಿ ನಿಂತಿದ್ದ, 2020ರಲ್ಲಿ ಟರ್ಕಿ ಮಳೆಯಲ್ಲಿ ಪೋಲ್ ತಗೊಂಡಿದ್ದ ಹುಡುಗ ಕೂಡ ಇವನೇ. ಕೈಯಲ್ಲಿ ಆಟ ಇದೆ, ಗಮನ ಇಲ್ಲ.

ಪ್ರಶ್ನೆ: ರೆಡ್ ಬುಲ್ ಎರಡನೇ ಸೀಟು ಪೆರೆಸ್‌ಗೇ ಇರಬೇಕಾ, ಲಾಸನ್‌ಗೆ ಕೊಡಬೇಕಾ?

ಉತ್ತರ: ಇಬ್ಬರ ಹೆಸರು ಬರೆದು ಮೂರನೆಯವನನ್ನ ಯಾಕೆ ಬಿಟ್ರಿ? ತ್ಸುನೋಡ ಈ ರೇಸ್‌ಗೆ ಮೂರನೇ ಜಾಗದಲ್ಲಿ ಕ್ವಾಲಿಫೈ ಆದ, ಅವನ ಜೀವನದ ಬೆಸ್ಟ್ ಅದು, ಏಳನೇ ಜಾಗದಲ್ಲಿ ಮುಗಿಸಿದ. ಆರ್‌ಬಿಯಲ್ಲಿ ಅವನ ಜೋಡಿ ಲಾಸನ್ ಐದರಿಂದ ಹೊರಟು ಒಂಬತ್ತು. ಪೆರೆಸ್ ಮೊದಲ ಲ್ಯಾಪಲ್ಲೇ ಸ್ಪಿನ್ ಆಗಿ ಹನ್ನೊಂದು, ಗೆದ್ದ ಕಾರಿನ ಜೋಡಿ ಕಾರಲ್ಲಿ ಒಂದು ಪಾಯಿಂಟೂ ಇಲ್ಲ. ಪೆರೆಸ್ ಮೇಲೆ ನನಗೆ ಗೌರವ ಇದೆ, 2020ರಲ್ಲಿ ಬಹ್ರೇನ್‌ನ ಸಾಖಿರ್ ರೇಸಲ್ಲಿ ಮೊದಲ ಲ್ಯಾಪಲ್ಲಿ ಕಟ್ಟಕಡೆಗೆ ಬಿದ್ದು ಗೆದ್ದವನು ಅವನು, ಆದ್ರೆ ಈ ವರ್ಷ ರೆಡ್ ಬುಲ್ 544 ಪಾಯಿಂಟ್‌ನಲ್ಲಿ ಮೂರನೇ ಜಾಗದಲ್ಲಿ ನಿಂತಿರೋದಕ್ಕೆ ಕಾರಣ ಹುಡುಕೋಕೆ ದೂರ ಹೋಗ್ಬೇಕಾಗಿಲ್ಲ. ಈ ವರ್ಷ ಆಸ್ಟಿನ್‌ನಿಂದ ಮೂರೇ ರೇಸ್ ಓಡಿಸಿರೋ ಲಾಸನ್‌ಗೆ ಆ ಸೀಟು ಕೊಟ್ಟು ನಾಲ್ಕು ವರ್ಷ ದುಡಿದ ತ್ಸುನೋಡನ ಬಿಟ್ರೆ ಅದು ಅನ್ಯಾಯ.

ಪ್ರಶ್ನೆ: ಹ್ಯಾಮಿಲ್ಟನ್ ಮುಗಿದ್ನಾ?

ಉತ್ತರ: ಇಲ್ಲ. ಕ್ವಾಲಿಫೈಯಿಂಗ್‌ನ ಮೊದಲ ಸುತ್ತಲ್ಲೇ ಹೊರಬಿದ್ದು ಹತ್ತನೇ ಜಾಗದಲ್ಲಿ ಮುಗಿಸಿದ್ದು ನೋಡೋಕೆ ಕಷ್ಟ ಆಯ್ತು, ಒಪ್ತೀನಿ. 2008ರಲ್ಲಿ ಇದೇ ಟ್ರ್ಯಾಕ್‌ನ ಕೊನೇ ಲ್ಯಾಪ್‌ನ ಕೊನೇ ತಿರುವುಗಳಲ್ಲಿ ಗ್ಲಾಕ್‌ನ ದಾಟಿ ಚಾಂಪಿಯನ್ ಆದವನು, 2021ರಲ್ಲಿ ಇಲ್ಲೇ ಸ್ಪ್ರಿಂಟ್‌ನಲ್ಲಿ ಇಪ್ಪತ್ತನೇ ಜಾಗದಿಂದ ಐದಕ್ಕೆ ಬಂದು, ರೇಸ್‌ನಲ್ಲಿ ಹತ್ತನೇ ಜಾಗದಿಂದ ಗೆದ್ದವನು. ಈ ವರ್ಷವೇ ಸಿಲ್ವರ್‌ಸ್ಟೋನ್ ಮಳೆ ಬಿಸಿಲಲ್ಲಿ ಗೆದ್ದಿದ್ದು ನಾಲ್ಕು ತಿಂಗಳ ಹಿಂದಿನ ಮಾತು. ಬ್ರೆಜಿಲ್‌ನ ಚಾಂಪಿಯನ್ ಡ್ರೈವರ್ ಸೆನ್ನಾ ತೀರಿಹೋಗಿ ಮೂವತ್ತು ವರ್ಷ ಆಯ್ತು ಅಂತ ಆ ವೀಕೆಂಡ್‌ನಲ್ಲಿ ಸೆನ್ನಾನ 1990ರ ಮೆಕ್ಲಾರೆನ್ ಕಾರನ್ನ ಹ್ಯಾಮಿಲ್ಟನ್ ಓಡಿಸಿದ, ಹೋಂಡಾ ವಿ10 ಸದ್ದಿಗೆ ಸ್ಟ್ಯಾಂಡಲ್ಲಿದ್ದ ಬ್ರೆಜಿಲ್ ಜನ ಹುಚ್ಚೆದ್ದು ಕೂಗಿದ್ರು, ನನಗೆ ರೇಸ್‌ನಷ್ಟೇ ಅದೂ ನೆನಪಲ್ಲಿ ಉಳಿಯುತ್ತೆ. 2025ಕ್ಕೆ ಫೆರಾರಿಗೆ ಹೋಗ್ತಿದ್ದಾನಲ್ಲ, ಅಲ್ಲಿ ನೋಡೋಣ.

ಪ್ರಶ್ನೆ: ಟೀಮ್ ಚಾಂಪಿಯನ್‌ಶಿಪ್ ಮೆಕ್ಲಾರೆನ್‌ಗಾ ಫೆರಾರಿಗಾ? ಮತ್ತೆ ನೋರಿಸ್‌ಗೆ ಇನ್ನೂ ಚಾನ್ಸ್ ಇದೆಯಾ? ಲೆಕ್ಕ ಹೇಳಿ.

ಉತ್ತರ: ಟೀಮ್‌ದು ಮೊದಲು. ಮೆಕ್ಲಾರೆನ್ 593, ಫೆರಾರಿ 557. ಮೂವತ್ತಾರು ಪಾಯಿಂಟ್ ಅಂತರ ಮೂರು ರೇಸ್‌ಗೆ ದೊಡ್ಡದೇನಲ್ಲ. ಇಲ್ಲಿ ಸೈನ್ಸ್ ಪಿಟ್ ಲೇನ್‌ನಿಂದ ಹೊರಟು ಗೋಡೆಗೆ ಹೋಗಿದ್ದು, ಪಿಯಾಸ್ಟ್ರಿ ಲಾಸನ್‌ಗೆ ತಾಗಿ ಹತ್ತು ಸೆಕೆಂಡ್ ಪೆನಾಲ್ಟಿ ತಗೊಂಡು ಎಂಟಕ್ಕೆ ಇಳಿದಿದ್ದು, ಇಬ್ಬರೂ ಪಾಯಿಂಟ್ ಕಳ್ಕೊಂಡ್ರು. ಮುಂದಿನದು ಲಾಸ್ ವೇಗಸ್, ಉದ್ದದ ನೇರ ರಸ್ತೆ, ರಾತ್ರಿ ಚಳಿ, ಕಳೆದ ವರ್ಷ ಲೆಕ್ಲೆರ್ ಅಲ್ಲಿ ಪೋಲ್ ತಗೊಂಡಿದ್ದ, ಅದು ಫೆರಾರಿಗೆ ಹೊಂದೋ ಜಾಗ. ಕತಾರ್‌ನ ವೇಗದ ತಿರುವುಗಳು ಮೆಕ್ಲಾರೆನ್‌ಗೆ. ಅಬುಧಾಬಿಯಲ್ಲಿ ತೀರ್ಮಾನ ಅಂತ ನನ್ನ ಅನಿಸಿಕೆ, ಆ ಟ್ರೋಫಿ ಮೆಕ್ಲಾರೆನ್ ಕೊನೆ ಸಲ ಎತ್ತಿದ್ದು 1998ರಲ್ಲಿ, ಹಾಗಾಗಿ ನನ್ನ ಆಸೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಡ್ರೈವರ್ ಲೆಕ್ಕ: ವರ್ಸ್ಟಾಪೆನ್ 393, ನೋರಿಸ್ 331, ಅಂತರ 62. ಬ್ರೆಜಿಲ್ ಸ್ಪ್ರಿಂಟ್ ಆದಾಗ 44 ಇತ್ತು. ಉಳಿದಿರೋದು ಮೂರು ರೇಸ್ ಮತ್ತೆ ಕತಾರ್‌ನ ಒಂದು ಸ್ಪ್ರಿಂಟ್, ಫಾಸ್ಟೆಸ್ಟ್ ಲ್ಯಾಪ್‌ಗಳೂ ಸೇರಿ ಒಟ್ಟು 86 ಪಾಯಿಂಟ್. ವೇಗಸ್ ಮುಗಿದ್ರೆ 60 ಉಳಿಯುತ್ತೆ. ಅಂದ್ರೆ ವೇಗಸ್‌ನಲ್ಲಿ ನೋರಿಸ್ ಅವನಿಗಿಂತ ಕನಿಷ್ಠ ಮೂರು ಪಾಯಿಂಟ್ ಜಾಸ್ತಿ ತಗೊಳ್ಳಲೇಬೇಕು, ಇಲ್ಲಾಂದ್ರೆ ಅಲ್ಲೇ ಮುಗೀತು, ಎರಡೇ ಪಾಯಿಂಟ್ ಜಾಸ್ತಿ ತಗೊಂಡು ಕೊನೆಗೆ ಸಮ ಆದ್ರೂ ಎಂಟು ಗೆಲುವು ಇರೋ ವರ್ಸ್ಟಾಪೆನ್‌ಗೇ ಹೋಗುತ್ತೆ, ನೋರಿಸ್‌ದು ಮೂರು, ಉಳಿದ ಮೂರೂ ಗೆದ್ರೂ ಆರು. ವೇಗಸ್ ದಾಟಿದ್ರೂ ಕತಾರ್‌ನಲ್ಲಿ ಮತ್ತೆ ಇದೇ ಕಥೆ. ಆಗೋದು ತುಂಬಾ ಕಷ್ಟ. ನಾನಂತೂ ನವೆಂಬರ್ 23ರ ವೇಗಸ್ ರೇಸ್‌ಗೆ ಮೆಕ್ಲಾರೆನ್‌ನ ಕಿತ್ತಳೆ ಟೋಪಿ ಹಾಕ್ಕೊಂಡೇ ಕೂರ್ತೀನಿ.